ಹನ್ನೊಂದು ಆಂಪಿಯರ್

ಬುಧವಾರ ಬೆಳಿಗ್ಗೆ ಆರೂಕಾಲಿನ ಬಸ್ಸಿಗೆ ದುರುಗಣ್ಣ ಹಚ್ಚೊಳ್ಳಿ ಬಿಟ್ಟಾಗ ಅವನ ತೊಡೆಯ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಡೈನಮೋ ಇತ್ತು. ಎಂಟೊಂಬತ್ತು ಕಿಲೋ ತೂಕದ್ದು. ಸಿರುಗುಪ್ಪ ದಾಟುವುದರೊಳಗೆ ಅವನ ಕಾಲು ಜೋಮು ಹಿಡಿದಿತ್ತು.

"ಏನಪ್ಪಾ ಅದು, ಕೂಸಿನಂಗ ಅಪ್ಪಿಕೊಂಡು ಕುಂತೀಯಲ್ಲ? ಮ್ಯಾಲ ಹಾಕು" ಎಂದ ಕಂಡಕ್ಟರು.

"ಟ್ರಾಕ್ಟರ್ ಡೈನಮೋ ರೀ. ಮ್ಯಾಲ ಹಾಕಿದ್ರ ಕುಲುಕಾಡಿ ಕೆಡತೈತಿ."

"ಹಂಗಾದ್ರ ಅದಕ್ಕೊಂದು ಅರ್ಧ ಟಿಕೀಟು ತಗಿ."

ಬಸ್ಸಿನಲ್ಲಿದ್ದವರು ನಕ್ಕರು. ದುರುಗಣ್ಣನಿಗೆ ನಗು ಬರಲಿಲ್ಲ. ಬಳ್ಳಾರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಅವನು ಮೂರನೆಯ ಸಲ ಕೇಳಿದ.

ಅದು 1984ರ ಆಗಸ್ಟ್. ಶುಕ್ರವಾರ ಮಧ್ಯಾಹ್ನ ವಿರೂಪಾಕ್ಷಪ್ಪ ಗೌಡರ ಏಳು ಎಕರೆಗೆ ಕಾಲುವೆ ನೀರಿನ ಪಾಳಿ ಇತ್ತು. ಪಾಳಿ ಇಪ್ಪತ್ತನಾಲ್ಕು ತಾಸು. ಅಷ್ಟರೊಳಗೆ ನೀರು ಕಟ್ಟಿ, ಟ್ರಾಕ್ಟರಿನಿಂದ ಕೆಸರು ಕಲಸಿ ಮುಗಿಸಬೇಕು. ಈ ಕೆಲಸಕ್ಕೆ ಆ ಕಡೆ ದಮ್ಮು ಎನ್ನುತ್ತಾರೆ. ಶನಿವಾರ ಬೆಳಿಗ್ಗೆ ನೆಲ್ಲಿನ ನಾಟಿಗೆ ಹೆಣ್ಣಾಳುಗಳ ಗುಂಪು ಗೊತ್ತಾಗಿತ್ತು. ಸಸಿಗೆ ಆಗಲೇ ಮೂವತ್ತನಾಲ್ಕು ದಿನ ತುಂಬಿತ್ತು, ಇನ್ನು ತಡ ಮಾಡಿದರೆ ಬಲಿಯುತ್ತಿತ್ತು. ಅಂದರೆ ಶುಕ್ರವಾರ ಹೊತ್ತು ಮುಳುಗಿದ ಮೇಲೂ ಟ್ರಾಕ್ಟರು ಓಡಲೇಬೇಕು, ಓಡಲು ದೀಪ ಬೇಕು.

ಗೌಡರ ಟ್ರಾಕ್ಟರು 1963ರ ವಿಲಾಯತಿ ಮಾಲು. ಹನ್ನೊಂದು ವರ್ಷದಿಂದ ಅದನ್ನು ಓಡಿಸುತ್ತಿದ್ದವನು ದುರುಗಣ್ಣ. ಅವನ ಕೇರಿಯಲ್ಲಿ ಸ್ಟೇರಿಂಗ್ ಹಿಡಿದವರಲ್ಲಿ ಅವನೇ ಮೊದಲಿಗ. ಅವನಪ್ಪ ಅದೇ ಹೊಲದಲ್ಲಿ ಕೂಲಿಗೆ ಬದು ಹಾಕುತ್ತಿದ್ದ. ಊರಿನವರು ಈಗಲೂ ಅವನಪ್ಪನನ್ನು ಬರೀ ಹೆಸರಿನಿಂದ ಕರೆದರೆ, ಮಗನಿಗೆ 'ಡ್ರೈವರ್' ಎನ್ನುತ್ತಿದ್ದರು.

ಹೋದ ವರ್ಷದ ದಮ್ಮಿನಲ್ಲಿ ಒಂದು ಘಟನೆ ನಡೆದಿತ್ತು. ಮುಸ್ಸಂಜೆಯ ಹೊತ್ತು. ಟ್ರಾಕ್ಟರಿನ ಹಿಂದೆ ಹೆಂಗಸರು ಕೆಸರಿನಲ್ಲಿ ತೇಲಿಬಂದ ಹಳೆ ಕೂಳೆ, ಕಸ ಆಯುತ್ತಿದ್ದರು. ಅವರಲ್ಲಿ ದುರುಗಣ್ಣನ ಹೆಂಡತಿ ಹನುಮಮ್ಮನೂ ಇದ್ದಳು. ಕೆಸರಿನಲ್ಲಿ ಹೂತುಹೋಗದಿರಲಿ ಎಂದು ಹಿಂದಿನ ಗಾಲಿಗಳಿಗೆ ಕಬ್ಬಿಣದ ಪಟ್ಟಿಗಳ ಕೇಜ್‌ವ್ಹೀಲ್ ಕಟ್ಟಿರುತ್ತಾರೆ. ಹನುಮಮ್ಮನ ಸೆರಗು ಎಡಗಡೆಯ ಕೇಜ್‌ವ್ಹೀಲಿಗೆ ಸಿಕ್ಕಿತು. ಅವಳು ಕೂಗಿದ್ದು ಎಂಜಿನ್ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ಗೇರು ಬದಲಿಸಲೆಂದು ಅವನು ಕ್ಲಚ್ ಒತ್ತಿದ್ದರಿಂದ ಗಾಲಿ ನಿಂತಿತು, ಅಷ್ಟೇ. ಇಳಿದು ನೋಡಿದರೆ ಅವಳು ಮೊಣಕೈವರೆಗೆ ಕೆಸರಿನಲ್ಲಿ ಬಿದ್ದಿದ್ದಳು, ಅವಳ ಭುಜಕ್ಕೂ ಕಬ್ಬಿಣದ ಪಟ್ಟಿಗೂ ನಡುವೆ ಒಂದು ಗೇಣು ಜಾಗವಿತ್ತು. ಸೀರೆಯನ್ನು ಪಟ್ಟಿಗಳಿಂದ ಬಿಡಿಸಲು ಕಾಲು ತಾಸು ಹಿಡಿಯಿತು.

ಆಮೇಲೆ ದುರುಗಣ್ಣ ನೆಟ್ಟಗೆ ಓಡಿಸಲಿಲ್ಲ. ಹತ್ತು ಮಾರಿಗೊಮ್ಮೆ ತಿರುಗಿ ನೋಡುತ್ತಿದ್ದ. ಸಾಲು ಸೊಟ್ಟಗಾಗುತ್ತಿತ್ತು, ಎಕರೆಗೆ ಅರ್ಧ ತಾಸು ಹೆಚ್ಚು ಹಿಡಿಯುತ್ತಿತ್ತು. "ಮುಂದ ಓಡಸ್ತೀಯೋ, ಹಿಂದ ಓಡಸ್ತೀಯೋ?" ಎಂದು ಗೌಡರು ಅಣಕಿಸಿದ್ದರು. ಈ ವರ್ಷ ಹಿಂದೆ ದೀಪ ಹಾಕಿಸದೆ ಕತ್ತಲಲ್ಲಿ ಗದ್ದೆಗೆ ಇಳಿಯುವುದಿಲ್ಲ ಎಂದು ದುರುಗಣ್ಣ ಯುಗಾದಿಯಲ್ಲೇ ಹೇಳಿಬಿಟ್ಟ. ಗೌಡರು ಹೂಂ ಎಂದರು. ಬಳ್ಳಾರಿಯಿಂದ ಎರಡು ಹ್ಯಾಲೊಜೆನ್ ದೀಪಗಳನ್ನೂ ತಂದರು.

ಅವನ್ನು ಕೂಡಿಸಲು ಬಂದವನು ಕುರುಗೋಡಿನ ಉಚ್ಚೆಂಗೆಪ್ಪ. ಗೌಡರ ಮಗನಿಗೆ ಹೆಣ್ಣು ಕೊಟ್ಟ ಮನೆಯವನು, ಸೊಸೆಯ ಅಣ್ಣ. ಮದುವೆಯಾಗಿ ಮೂರೇ ತಿಂಗಳಾಗಿತ್ತು. ಅವನ ಮನೆಯಲ್ಲಿ ಹೊಸ ಟ್ರಾಕ್ಟರು ಇತ್ತು, ಆದ್ದರಿಂದ ವೈರಿಂಗ್ ತನಗೆ ಗೊತ್ತು ಎನ್ನುತ್ತಿದ್ದ. ಸೋಮವಾರ ಅವನು ಹಳೆಯ ಹೆಡ್‌ಲೈಟು ಕಿತ್ತು ಆ ಜಾಗಕ್ಕೆ ಎರಡೂ ಹ್ಯಾಲೊಜೆನ್ ಬಿಗಿದ. "ದೀಪ ಅಂದ್ರ ಮುಂದ ಇರಬೇಕು" ಎಂದ. ಬ್ಯಾಟರಿಯ ಪ್ಲಸ್ಸಿನ ಕೆಂಪು ತಂತಿ ಟ್ರಾಕ್ಟರಿನ ಮೈಗೆ ಬಿಗಿದಿರುವುದನ್ನು ನೋಡಿ, "ಇದ್ಯಾವನು ಉಲ್ಟಾ ಹಾಕಿದಾನ?" ಎಂದು ಬ್ಯಾಟರಿಯನ್ನೇ ತಿರುಗಿಸಿ ಕೂಡಿಸಿದ.

ಅಂದು ಸಂಜೆ ದೀಪ ಹಚ್ಚಿದಾಗ ಬೆಳಕು ದೂರದ ರಸ್ತೆಯವರೆಗೆ ಹೋಯಿತು. ಅರ್ಧ ಊರು ಸೇರಿತ್ತು. ನಲವತ್ತು ನಿಮಿಷದಲ್ಲಿ ಬೆಳಕು ಹಳದಿಗೆ ತಿರುಗಿತು, ಆಮೇಲೆ ಕೆಂಪಾಯಿತು, ಆಮೇಲೆ ಹೋಯಿತು. ಡೈನಮೋಗೂ ಬ್ಯಾಟರಿಗೂ ನಡುವಿನ ಕಟೌಟ್ ಡಬ್ಬಿಯಿಂದ ಸುಟ್ಟ ವಾಸನೆ ಬರುತ್ತಿತ್ತು.

"ಡೈನಮೋ ಸತ್ತೈತಿ" ಎಂದ ಉಚ್ಚೆಂಗೆಪ್ಪ.

ಗೌಡರು ದುರುಗಣ್ಣನನ್ನು ಪಕ್ಕಕ್ಕೆ ಕರೆದರು. "ನೋಡಲೇ ದುರುಗ, ಶುಕ್ರವಾರಕ್ಕ ನನಗ ಟ್ರಾಕ್ಟರ್ ಬೇಕು. ಆಗಲಿಲ್ಲಂದ್ರ ಬೀಗರು ತಮ್ಮ ಗಾಡಿ ತಗೊಂಡು ಬರ್ತೀನಿ ಅಂದಾರ, ತಾವೇ ಹೊಡೀತಾರ. ಈ ಹಳೇದನ್ನ ಮಾರಿಬಿಡ್ತೀನಿ. ಆಮ್ಯಾಲ ನೀನು ಹೆಂಡ್ತಿ ಜೋಡಿ ಕಸ ಆಯಾಕ ಬರಬೋದು."

ಹಾಗಾಗಿ ಬುಧವಾರದ ಬಸ್ಸು.

ಬಳ್ಳಾರಿಯ ಕೌಲ್ ಬಜಾರಿನ ಓಣಿಯಲ್ಲಿ ಸುಂಕಣ್ಣನ ರಿಪೇರಿ ಅಂಗಡಿ ಎಂಟು ಅಡಿ ಅಗಲದ್ದು. ಅವನಿಗೆ ಅರವತ್ತರ ಮೇಲೆ. ಮಿಲಿಟರಿಯಲ್ಲಿ ಲಾರಿ, ಜೀಪು ರಿಪೇರಿ ಮಾಡಿ ಬಂದವನು. ದುರುಗಣ್ಣ ಹೋದಾಗ ಚಹಾ ಕುಡಿಯುತ್ತಿದ್ದ, ಕುಡಿದು ಮುಗಿಸುವವರೆಗೆ ಗೋಣಿಚೀಲ ಮುಟ್ಟಲಿಲ್ಲ. ದುರುಗಣ್ಣ ಅಂಗಡಿಯ ಮುಂದೆ ಅತ್ತಿಂದಿತ್ತ ಓಡಾಡಿದ.

"ಒಂದು ಕಡಿ ನಿಂದ್ರೋ ಮಾರಾಯ, ನನಗ ತಲಿ ತಿರಗತೈತಿ."

"ಶುಕ್ರವಾರ ನೀರು ಬರ್ತೈತ್ರಿ ಮೇಸ್ತ್ರಿ."

"ಶುಕ್ರವಾರ ತಾನೇ? ಇವತ್ತು ಬುಧವಾರ."

ಸುಂಕಣ್ಣ ಡೈನಮೋವನ್ನು ಹಲಗೆಯ ಮೇಲಿಟ್ಟು, ಎರಡು ತಂತಿ ಜೋಡಿಸಿ ಬ್ಯಾಟರಿಗೆ ಮುಟ್ಟಿಸಿದ. ಅದು ಗುಂಯ್ ಎಂದು ಮೋಟರಿನಂತೆ ತಿರುಗಿತು.

"ಸತ್ತಿದ್ದು ತಿರುಗತೈತೇನೋ? ಯಾವನು ಹೇಳಿದ?"

ದುರುಗಣ್ಣ ಚೀಲದಿಂದ ಕಟೌಟ್ ಡಬ್ಬಿಯನ್ನೂ ತೆಗೆದು ಮುಂದಿಟ್ಟ. ಸುಂಕಣ್ಣ ಕಟೌಟ್ ಡಬ್ಬಿ ಬಿಚ್ಚಿ ಸುಟ್ಟು ಕಪ್ಪಾದ ಕಾಂಟ್ಯಾಕ್ಟ್‌ಗಳನ್ನು ಬೆಳಕಿಗೆ ಹಿಡಿದ. ಟ್ರಾಕ್ಟರು ಯಾವ ಕಾಲದ್ದು ಎಂದು ಕೇಳಿದ. ಬ್ಯಾಟರಿಯ ಕೆಂಪು ತಂತಿ ಯಾವ ಕಡೆಗಿದೆ ಎಂದು ಕೇಳಿದ.

"ಮೊದಲು ಗಾಡಿ ಮೈಗಿತ್ರಿ. ಸೋಮವಾರದಿಂದ ಸ್ಟಾರ್ಟರ್ ಕಡಿಗೈತಿ."

"ಅದನ್ನ ಹೇಳು ಮತ್ತ! ಆ ಕಾಲದ ವಿಲಾಯತಿ ಗಾಡಿಗಿ ಪ್ಲಸ್ಸೇ ಮೈಗಿರೋದು. ಈಗಿನ ಗಾಡಿಗಿ ಮೈನಸ್ ಮೈಗಿರತೈತಿ. ಬ್ಯಾಟರಿ ತಿರುವಿದ್ರಿ, ಡೈನಮೋ ಹಳೇ ದಿಕ್ಕಿಗೇ ಕರೆಂಟ್ ಕೊಟ್ಟಿತು. ಎರಡೂ ಎದುರಾಬದುರಾ ಗುದ್ದಿ ಇದು ಸುಟ್ಟಿತು. ಹೋಗಿ ಬ್ಯಾಟರಿ ಮೊದಲಿದ್ದಂಗ ಹಾಕು. ಮುಗೀತು ಕೆಲಸ."

"ಅದು ಆಗಂಗಿಲ್ರಿ."

"ಯಾಕ?"

"ತಿರುವಿದವರು ಗೌಡ್ರ ಬೀಗರು. ಶನಿವಾರದತನ ಅಲ್ಲೇ ಅದಾರ. ಬಂದಾಗೊಮ್ಮೆ ಬ್ಯಾಟರಿ ಮುಟ್ಟಿ ನೋಡತಾರ."

ಸುಂಕಣ್ಣ ಅವನ ಮುಖವನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಗೌಡ್ರಿಗೆ ಹೇಳಬೇಕಿಲ್ಲೇನಪ್ಪ?"

"ಹೇಳಿದ್ರ ಗೌಡ್ರು ಬೀಗರಿಗಿ ಹೇಳಂಗಿಲ್ಲ, ನನಗ ಬೈತಾರ. ಮೂರು ತಿಂಗಳ ಬೀಗರು ರೀ. ಊಟಕ್ಕ ಉಪ್ಪು ಹೆಚ್ಚಾದ್ರೂ ಛಲೋ ಐತಿ ಅಂತಾರ. ನನ್ನ ಕೇರಿಯಿಂದ ಬಂದವನು ಅವರ ತಪ್ಪು ಹಿಡಿದ್ರ ನಾಳಿಂದ ನಾನು ಸೀಟಿನ ಮ್ಯಾಲಿರಂಗಿಲ್ಲ."

ಸುಂಕಣ್ಣ ನಗು ನಿಲ್ಲಿಸಿದ. ಸ್ವಲ್ಪ ಹೊತ್ತು ಕಾಂಟ್ಯಾಕ್ಟ್‌ಗಳನ್ನು ಅರದಿಂದ ಉಜ್ಜಿದ.

"ಬೀಗರನ್ನ ತಿದ್ದಾಕ ಆಗಲಿಲ್ಲಂದ್ರ ಡೈನಮೋನ ತಿದ್ದಾನು. ಅದಕ್ಕೇನು ಬೀಗತನ ಐತೇನು?"

ಡೈನಮೋದೊಳಗಿನ ಕಬ್ಬಿಣದಲ್ಲಿ ಯಾವಾಗಲೂ ಸ್ವಲ್ಪ ಅಯಸ್ಕಾಂತ ಶಕ್ತಿ ಉಳಿದಿರುತ್ತದೆ, ಅದರ ದಿಕ್ಕು ಬದಲಾದರೆ ಕರೆಂಟಿನ ದಿಕ್ಕೂ ಬದಲಾಗುತ್ತದೆ ಎಂದು ಅವನು ವಿವರಿಸಿದ. ಡೈನಮೋದ ಮೈಗೆ ಬ್ಯಾಟರಿಯ ಮೈನಸ್ ಹಿಡಿದ. ಸಣ್ಣ ತಿರುಪಿಗೆ ಪ್ಲಸ್ ತಂತಿಯನ್ನು ಎರಡು ಎಣಿಸುವಷ್ಟು ಹೊತ್ತು ಮುಟ್ಟಿಸಿ ತೆಗೆದ. ಒಂದು ಸಣ್ಣ ಕಿಡಿ ಹಾರಿತು.

"ಆತು. ಈಗ ಇದೂ ಬೀಗರ ಪಾರ್ಟಿ. ಮೀಟರಿನ ಮುಳ್ಳು ಮಾತ್ರ ಉಲ್ಟಾ ಓಡತೈತಿ. ಬ್ಯಾಟರಿ ತುಂಬಾಕತ್ತಿದಾಗ ಖಾಲಿ ಅಂತ ತೋರಸತೈತಿ. ಹೆದರಬ್ಯಾಡ."

ದುರುಗಣ್ಣ ಹೊರಡಲಿಲ್ಲ. "ಇನ್ನೊಂದು ಕೇಳಬೇಕಿತ್ರಿ. ದೀಪ ಎರಡೂ ಮುಂದ ಹಾಕಿದಾರ. ನನಗ ಹಿಂದ ಬೇಕು. ಮುಂದ ಎರಡು, ಹಿಂದ ಎರಡು ಹಾಕಬೋದೇನ್ರಿ?"

ಸುಂಕಣ್ಣ ಡೈನಮೋದ ಮೇಲಿನ ತಗಡಿನ ಪಟ್ಟಿಯ ಎಣ್ಣೆ ಒರೆಸಿ ತೋರಿಸಿದ. "ಓದಾಕ ಬರ್ತೈತೇನು? ಹನ್ನೊಂದು. ಇದು ಕೊಡೋದು ಹನ್ನೊಂದು ಆಂಪಿಯರ್. ನಿನ್ನ ಹೊಸ ದೀಪ ಒಂದೊಂದು ನಾಕೂವರಿಗಿಂತ ಸ್ವಲ್ಪ ಹೆಚ್ಚೇ ತಿಂತೈತಿ. ಎರಡಕ್ಕ ಒಂಬತ್ತು ಚಿಲ್ಲರ. ಉಳಿಯೋದು ಪೂರಾ ಎರಡೂ ಇಲ್ಲ. ಅದೂ ಮುಂಜಾನಿ ಸೆಲ್ಫ್ ಹೊಡಿಯಾಕ ಬ್ಯಾಟರಿಗಿ ಬೇಕು. ಎರಡು ದೀಪ, ಅಷ್ಟೇ. ಮುಂದ ಬೇಕೋ ಹಿಂದ ಬೇಕೋ ನೀನು ಹೇಳು, ಅದು ಹೇಳಂಗಿಲ್ಲ."

ಮರಳುವ ಬಸ್ಸಿನಲ್ಲಿ ದುರುಗಣ್ಣನಿಗೆ ಸೀಟು ಸಿಕ್ಕಿತು. ಕೂತು, ಎದ್ದು, ಮತ್ತೆ ಕೂತ. ತೆಕ್ಕಲಕೋಟೆ ಬಂದಾಗ ಪಕ್ಕದವನು, "ಹೊಟ್ಟಿ ನೋವೇನಪ್ಪ?" ಎಂದು ಕೇಳಿದ.

ಗುರುವಾರ ಉಚ್ಚೆಂಗೆಪ್ಪ ಎಣ್ಣೆಸ್ನಾನಕ್ಕೆ ಕೂತ ಹೊತ್ತು ನೋಡಿ ದುರುಗಣ್ಣ ಡೈನಮೋ ಬಿಗಿದ. ಬಳ್ಳಾರಿಯಲ್ಲಿ ಸುಂಕಣ್ಣ ಹೇಳಿಕೊಟ್ಟಂತೆ, ಇಳಿದುಹೋದ ಬ್ಯಾಟರಿಯ ಟ್ರಾಕ್ಟರನ್ನು ನೂಕಿಸಿ ಚಾಲೂ ಮಾಡುವ ಮೊದಲು ಇನ್ನೊಮ್ಮೆ ಕಿಡಿ ಮುಟ್ಟಿಸಿದ. ಎಂಜಿನ್ ಏರಿದಂತೆ ಮೀಟರಿನ ಮುಳ್ಳು ಖಾಲಿಯ ಕಡೆಗೆ ವಾಲಿತು. ಅವನಿಗೆ ಎದೆ ಹಗುರಾಯಿತು.

"ಏನಾಗಿತ್ತಂತ?" ಗೌಡರು ಬಂದು ಕೇಳಿದರು.

"ಕಟೌಟ್ ಸುಟ್ಟಿತ್ರಿ. ಡೈನಮೋನೂ ಸ್ವಲ್ಪ ನೋಡಿದಾರ."

ಒದ್ದೆ ತಲೆಯಲ್ಲೇ ಬಂದ ಉಚ್ಚೆಂಗೆಪ್ಪ ಗೌಡರ ಕಡೆ ತಿರುಗಿದ. "ನಾ ಹೇಳಿರಲಿಲ್ಲೇನ್ರಿ ಮಾವಾರ, ಡೈನಮೋದಾಗೇ ಐತಿ ಅಂತ?"

"ಹೇಳಿದ್ರಿ, ಹೇಳಿದ್ರಿ" ಎಂದರು ಗೌಡರು.

ದುರುಗಣ್ಣ ಸ್ಪ್ಯಾನರು ಒರೆಸುತ್ತಾ ನಿಂತ. ದೀಪದ ಮಾತು ಎತ್ತಬೇಕೆಂದು ಎರಡು ಸಲ ಬಾಯಿ ತೆರೆದ. ಗೌಡರು ಬೀಗನನ್ನು ತಿಂಡಿಗೆ ಕರೆದುಕೊಂಡು ಹೋದರು.

ರಾತ್ರಿ ಹನುಮಮ್ಮನಿಗೆ ಹನ್ನೊಂದು ಆಂಪಿಯರಿನ ಲೆಕ್ಕ ಹೇಳಿದ. ಅವಳು ರೊಟ್ಟಿ ತಟ್ಟುತ್ತಿದ್ದಳು.

"ಗೌಡ್ರನ್ನ ಕೇಳಿ ಹಿಂದ ಹಾಕ್ತೀಯೇನು?"

"ಕೇಳಿದ್ರ ಬ್ಯಾಡ ಅಂತಾರ."

"ಹಂಗಾದ್ರ ಹಾಕಿ ಕೇಳು."

ಶುಕ್ರವಾರ ಎರಡು ಗಂಟೆಗೆ ನೀರು ಬಂತು. ಗೌಡರೂ ಬೀಗನೂ ಊಟಕ್ಕೆ ಹೋಗಿದ್ದಾಗ ದುರುಗಣ್ಣ ಎರಡೂ ದೀಪಗಳನ್ನು ಮುಂದಿನಿಂದ ಬಿಚ್ಚಿದ. ಹಿಂದಿನ ಎರಡು ಮಡ್‌ಗಾರ್ಡುಗಳಿಗೆ ಒಂದೊಂದರಂತೆ ಬಿಗಿದು, ಬೆಳಕು ಕೇಜ್‌ವ್ಹೀಲಿನ ಹಿಂದಿನ ನೆಲಕ್ಕೆ ಬೀಳುವಂತೆ ಬಗ್ಗಿಸಿದ. ವೈರು ಸಾಲಲಿಲ್ಲ. ಪಂಪ್‌ಸೆಟ್ಟಿನ ಹಳೆ ವೈರು ಜೋಡಿಸಿದ. ಅವಸರದಲ್ಲಿ ನಟ್ಟು ಎರಡು ಸಲ ಕೆಸರಿಗೆ ಬಿತ್ತು.

ಐದು ಗಂಟೆಗೆ ಮಡಿಗಳಲ್ಲಿ ನೀರು ನಿಂತಿತು. ಆರೂವರೆವರೆಗೆ ಎರಡು ಎಕರೆ ಆಯಿತು. ಗೌಡರು ಹೊಲಕ್ಕೆ ಬಂದಾಗ ಮಬ್ಬಾಗಿತ್ತು. ದುರುಗಣ್ಣ ಸ್ವಿಚ್ಚು ಎಳೆದ. ಟ್ರಾಕ್ಟರಿನ ಹಿಂದೆ ಕೆಸರು, ಕೂಳೆ, ಆರು ಹೆಂಗಸರ ಕಾಲುಗಳು ಬೆಳ್ಳಗೆ ಕಂಡವು. ಮುಂದೆ ಏನೂ ಕಾಣಲಿಲ್ಲ.

ಗೌಡರು ಕೈ ಬೀಸಿ ನಿಲ್ಲಿಸಿದರು. "ಇದ್ಯಾರ ಕೆಲಸಲೇ?"

"ನಂದೇ ರೀ. ಡೈನಮೋಗ ಎರಡೇ ದೀಪದ ಶಕ್ತಿ ಐತಂತ. ಹಿಂದ ಬೇಕಂತ ನಾನು ಯುಗಾದಿಗೇ ಹೇಳಿದ್ದೆ."

"ಮುಂದ ಉಪಕಾಲುವಿ ಐತಿ, ಕಣ್ಣು ಕುರುಡೇನು? ಆಳುದ್ದ ಐತಿ. ಟ್ರಾಕ್ಟರ್ ಅದರಾಗ ಹೋದ್ರ?"

ಇದು ಸುಳ್ಳಲ್ಲ. ಹೊಲದ ಬಡಗಣ ಅಂಚಿಗೆ ಉಪಕಾಲುವೆ ಇತ್ತು. ನಡುವೆ ಮೂರು ಅಡಿ ಅಗಲದ ಒಡ್ಡು ಮಾತ್ರ.

ಉಚ್ಚೆಂಗೆಪ್ಪ ಪ್ಯಾಂಟು ಮಡಚಿಕೊಂಡು ಮುಂದೆ ಬಂದ. "ಮುಂದಕ್ಕ ಹಾಕ್ರಿ. ನಾನು ಹೊಡೀತೀನಿ. ನಮ್ಮೂರಾಗ ಹಿಂದ ದೀಪ ಹಾಕಿದ್ದು ನಾ ನೋಡೇ ಇಲ್ಲ."

"ಇಳಿಲೇ" ಎಂದರು ಗೌಡರು.

ದುರುಗಣ್ಣ ಸೀಟಿನ ಮೇಲೆ ಒಂದು ಕ್ಷಣ ಕೂತೇ ಇದ್ದ. ಹನ್ನೊಂದು ವರ್ಷದಲ್ಲಿ ಆ ಸೀಟಿನಿಂದ ಇಳಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಇಳಿದ. ಎಂಜಿನ್ ಓಡುತ್ತಲೇ ಇತ್ತು. "ಮುಂದಕ್ಕ ಹಾಕ್ಕೊಡ್ತೀನ್ರಿ. ಹತ್ತು ನಿಮಿಷ ಸಾಕು. ಖರೇ ಹಿಂದ ಕತ್ತಲಿಟ್ಟು ನಾನು ಓಡಸಂಗಿಲ್ಲ."

ಅವನು ಸ್ಪ್ಯಾನರು ತೆಗೆದುಕೊಳ್ಳುವಷ್ಟರಲ್ಲಿ ಹನುಮಮ್ಮ ಕೈಯಲ್ಲಿದ್ದ ಕೂಳೆಯ ಹಿಡಿಯನ್ನು ನೀರಿಗೆ ಬಿಟ್ಟಳು. ಗದ್ದೆಯಿಂದ ಹತ್ತಿ ಒಡ್ಡಿನ ಮೇಲೆ ಹೋಗಿ ನಿಂತಳು. ಉಳಿದ ಐವರೂ ಒಬ್ಬೊಬ್ಬರಾಗಿ ಹತ್ತಿದರು.

"ಯಾಕಬೇ, ಏನಾತು?" ಗೌಡರು ಕೇಳಿದರು.

"ಏನಿಲ್ರಿ ಗೌಡ್ರ. ಬೀಗರು ಹೊಡೀಲಿ. ನಾವು ಇಲ್ಲಿಂದ ನೋಡತೀವಿ."

"ಕಸ ಯಾರು ಆಯತಾರ? ಕಸದಾಗೇ ನಾಟಿ ಹಾಕಬೇಕೇನು?"

"ಬೆಳಕಾದ ಮ್ಯಾಲ ಆಯತೀವಿ."

ಬೆಳಗಾದ ಮೇಲೆ ಆಯ್ದರೆ ನಾಟಿ ಮಧ್ಯಾಹ್ನಕ್ಕೆ ಹೋಗುತ್ತದೆ. ನಾಟಿಯ ಗುಂಪಿನವರು ಮಧ್ಯಾಹ್ನ ಬೇರೆಯವರ ಹೊಲಕ್ಕೆ ಒಪ್ಪಿಕೊಂಡಿದ್ದರು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಗೌಡರು ದನಿ ಇಳಿಸಿದರು. "ಹಂಗಾದ್ರ ಒಂದು ಮುಂದ, ಒಂದು ಹಿಂದ ಹಾಕಾನು. ಇಬ್ಬರದೂ ಆತಲ್ಲ?"

"ಯಾವ ಚಕ್ರಕ್ಕ ಬೆಳಕು ಕೊಡ್ತೀರಿ, ಯಾವ ಚಕ್ರಕ್ಕ ಕತ್ತಲು ಕೊಡ್ತೀರಿ ಹೇಳ್ರಿ" ಎಂದಳು ಹನುಮಮ್ಮ. "ಕತ್ತಲ ಚಕ್ರದ ಕಡಿ ನಿಮ್ಮ ಮನಿಯವರು ನಿಂದ್ರಲಿ. ಬೆಳಕಿನ ಕಡಿ ನಾವು ನಿಂದರತೀವಿ."

ಒಬ್ಬ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಗೌಡರು ಯಾರತ್ತಲೂ ನೋಡದೆ ಉಪಕಾಲುವೆಯ ಕಡೆ ನೋಡಿದರು. ತೂಬಿನಿಂದ ನೀರು ಬರುತ್ತಲೇ ಇತ್ತು. ಎಂಜಿನ್ ಸುಮ್ಮನೆ ಡೀಸೆಲ್ ಸುಡುತ್ತಿತ್ತು.

"ಕಾಲುವಿ ಅಂಚು ಕಾಣಬೇಕಲ್ಲೋ ನಿನಗ?" ಅವರು ದುರುಗಣ್ಣನನ್ನು ಕೇಳಿದರು. ಈ ಸಲ 'ಲೇ' ಇರಲಿಲ್ಲ.

"ಅಂಚಿನ ಮ್ಯಾಲ ಯಾರರ ಲಾಟೀನು ಹಿಡಕೊಂಡು ನಿಂತ್ರ ಸಾಕ್ರಿ. ಅದರ ನೇರಕ್ಕ ಬಂದು ನಾಕು ಮಾರು ಹಿಂದ ತಿರುವತೀನಿ. ನಾನು ಸರಿದಂಗ ಲಾಟೀನು ಸರೀಬೇಕು, ಅಷ್ಟೇ."

"ಯಾರು ನಿಂದರತಾರ?"

ಹೆಂಗಸರು ಆರು ಜನ, ಆರು ಜನಕ್ಕೂ ಕೆಸರಿನಲ್ಲಿ ಕೆಲಸವಿತ್ತು. ನೀರು ಕಟ್ಟುವ ಆಳು ತೂಬಿನ ಹತ್ತಿರದಿಂದ ಅಲುಗಾಡುವಂತಿರಲಿಲ್ಲ. ಉಚ್ಚೆಂಗೆಪ್ಪ ಬೀಗ. ಅವನ ಕೈಗೆ ಲಾಟೀನು ಕೊಟ್ಟು ಒಡ್ಡಿನ ಮೇಲೆ ನಿಲ್ಲಿಸುವುದು ಆಗದ ಮಾತು.

ಪಂಪ್‌ಸೆಟ್ಟಿನ ಮನೆಯಿಂದ ಲಾಟೀನು ತಂದವರು ಗೌಡರೇ. ಗಾಜು ಮಸಿ ಹಿಡಿದಿತ್ತು. ಪಂಚೆಯ ತುದಿಯಿಂದ ಒರೆಸಿ ಹಚ್ಚಿದರು. ಚಪ್ಪಲಿ ಕಳಚಿಟ್ಟು ಬಡಗಣ ಒಡ್ಡಿಗೆ ಹೋದರು.

ದುರುಗಣ್ಣ ಹತ್ತಿ ಕೂತ. ಹೆಂಗಸರು ಇಳಿದರು. ಮೊದಲ ಸುತ್ತಿನಲ್ಲಿ ಅವನು ಲಾಟೀನಿಗೆ ಇನ್ನೂ ಹತ್ತು ಮಾರಿರುವಾಗಲೇ ಹೆದರಿ ತಿರುಗಿಸಿಬಿಟ್ಟ. ಎರಡನೆಯದರಲ್ಲಿ ಆರು ಮಾರಿಗೆ ಬಂದ. ತಿರುಗಿ ನೋಡಿದಾಗಲೆಲ್ಲ ಎರಡೂ ಚಕ್ರ, ಆರೂ ಜನ ಕಾಣುತ್ತಿದ್ದರು. ಆದರೂ ಕತ್ತು ತಾನಾಗಿ ತಿರುಗುತ್ತಿತ್ತು. ಮೀಟರಿನ ಮುಳ್ಳು ಉಲ್ಟಾ ಕಡೆಗೆ ಕೂದಲಷ್ಟೇ ವಾಲಿ ನಿಂತಿತ್ತು. ಅದನ್ನೂ ನೋಡಬೇಕಿತ್ತು.

ಮೂರನೆಯ ಸುತ್ತಿನಲ್ಲಿ ಲಾಟೀನು ಇರಬೇಕಾದಲ್ಲಿ ಇರಲಿಲ್ಲ.

"ಎಡಕ್ಕ ಸರೀರಿ ಗೌಡ್ರ!" ಅವನು ಕೂಗಿದ. ಎಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ಅವನು ಸೀಟಿನ ಮೇಲೆ ಅರ್ಧ ಎದ್ದು ನಿಂತು, ಹಿಂದಿನ ಬೆಳಕಿಗೆ ಕೈ ಕಾಣುವಂತೆ ಎತ್ತಿ ಎಡಕ್ಕೆ ಬೀಸಿದ. ಲಾಟೀನು ಎಡಕ್ಕೆ ಸರಿಯಿತು. ಇನ್ನೂ ಬೀಸಿದ, ಇನ್ನೂ ಸರಿಯಿತು. ಅಂಗೈ ಚಾಚಿ ಸಾಕು ಎಂದ. ನಿಂತಿತು.

ಎಂಟು ಗಂಟೆಯ ಹೊತ್ತಿಗೆ ಮತ್ತೆರಡು ಎಕರೆ ಆಗಿತ್ತು, ದೀಪ ಮಂದವಾಗಿರಲಿಲ್ಲ. ಉಚ್ಚೆಂಗೆಪ್ಪ ಒಡ್ಡಿನ ಮೇಲೆ ಗೌಡರ ಹತ್ತಿರ ಹೋದ. ಸೊಳ್ಳೆ ಹೊಡೆದುಕೊಳ್ಳುತ್ತಾ, "ಅವನಿಗಿ ಸಾಕಾಗಿರಬೇಕು ಮಾವಾರ. ಉಳಿದದ್ದು ನಾನು ಹೊಡೀಲೇನ್ರಿ?" ಎಂದ.

ಗೌಡರು ಟ್ರಾಕ್ಟರು ಬರುತ್ತಿದ್ದ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಮಂಡಿಯವರೆಗೆ ಅವರ ಕಾಲು ಕೆಸರಾಗಿತ್ತು.

"ಬ್ಯಾಡ್ರಿ, ಅವನೇ ಹೊಡೀಲಿ. ನನ್ನ ಕೈ ಸೋತೈತಿ" ಎಂದು ಲಾಟೀನನ್ನು ಅವನತ್ತ ಚಾಚಿದರು. "ನೀವು ಸ್ವಲ್ಪ ಇದನ್ನ ಹಿಡೀರಿ ಬೀಗರ. ಅವನ ಕೈ ನೋಡಿಕೊಂತ ಸರೀಬೇಕು. ಮುಂದ ಹೋಗಬ್ಯಾಡ್ರಿ, ಜಾರತೈತಿ."

ಉಚ್ಚೆಂಗೆಪ್ಪ ಲಾಟೀನನ್ನೂ ಗೌಡರನ್ನೂ ನೋಡಿದ. ಬೇರೆ ದಾರಿ ಇರಲಿಲ್ಲ, ಹಿಡಿದುಕೊಂಡ.

ಟ್ರಾಕ್ಟರಿನ ಮೇಲೆ ಕೂತ ದುರುಗಣ್ಣನಿಗೆ ಇದ್ಯಾವುದೂ ಕೇಳಿಸಲಿಲ್ಲ. ಲಾಟೀನು ಮೊದಲಿಗಿಂತ ಮೇಲಕ್ಕೆ ಎದ್ದದ್ದು ಕಂಡಿತು, ಹಿಡಿದವರು ಗೌಡರಿಗಿಂತ ಎತ್ತರದವರು ಎಂದು ತಿಳಿಯಿತು. ಅದು ಬಲಕ್ಕೆ ಹೆಚ್ಚು ಸರಿದಿತ್ತು. ಅವನು ಒಮ್ಮೆ ಹಿಂದೆ ನೋಡಿ, ಆರು ಜನರನ್ನು ಎಣಿಸಿ, ಕೈ ಎತ್ತಿ ಎಡಕ್ಕೆ ಬೀಸಿದ. ಇನ್ನೂ ಮೂರು ಎಕರೆ ಇತ್ತು.